ಕ್ಲೀವ್ಡ್ ಕ್ಯಾಸ್ಪೇಸ್-3 ಆಂಟಿಬಾಡಿ: ಲ್ಯಾಬಲ್ಲಿ ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು

ಜಕ್ಕೂರಿಂದ ಎಲೆಕ್ಟ್ರಾನಿಕ್ ಸಿಟಿ ತನಕ ಬೆಂಗಳೂರಲ್ಲಿ ಸೆಲ್ ಕಲ್ಚರ್ ಮಾಡೋ ಲ್ಯಾಬ್‌ಗಳಿಗೆ ಬರ ಇಲ್ಲ. ಅದರಲ್ಲೂ ಡ್ರಗ್ ಹಾಕಿ ಸೆಲ್ ಸಾಯ್ತಾ ಇದೆಯಾ ಅಂತ ನೋಡೋ ಲ್ಯಾಬ್ ಆದ್ರೆ ಫ್ರೀಜರಲ್ಲಿ ಈ ಆಂಟಿಬಾಡಿದು ಒಂದು ಪುಟ್ಟ ವಯಲ್ ಬಹುತೇಕ ಇದ್ದೇ ಇರುತ್ತೆ. ವಯಲ್ ಜೊತೆ ಬರೋ ಡೇಟಾಶೀಟಲ್ಲಿ ಡೈಲ್ಯೂಷನ್ (ಎಷ್ಟು ತೆಳು ಮಾಡ್ಬೇಕು) ಎಷ್ಟು ಅಂತ ಬರೆದಿರುತ್ತೆ, ಬ್ಯಾಂಡ್ ಬರದಿದ್ರೆ ಎಲ್ಲಿ ಹುಡುಕ್ಬೇಕು ಅಂತ ಬರೆದಿರಲ್ಲ. ಆಂಟಿಬಾಡಿ ಅಂದ್ರೆ ಒಂದು ಪ್ರೋಟೀನನ್ನ ಹುಡುಕಿ ಅಂಟ್ಕೊಳ್ಳೋ ಇನ್ನೊಂದು ಪ್ರೋಟೀನು. ಸೆಲ್ ಒಡೆದು ತೆಗೆದ ರಸಾನ ಜೆಲ್ಲಲ್ಲಿ ಓಡಿಸಿ, ಸೈಜ್ ಪ್ರಕಾರ ಬೇರೆಯಾದ ಪ್ರೋಟೀನ್‌ಗಳನ್ನ ಮೆಂಬ್ರೇನ್ ಹಾಳೆಗೆ ಇಳಿಸಿ, ಆಂಟಿಬಾಡಿ ಹಾಕಿ ನೋಡೋದು ವೆಸ್ಟರ್ನ್ ಬ್ಲಾಟ್, ಅದರಲ್ಲಿ ಕಾಣೋ ಗೆರೆನೇ ಬ್ಯಾಂಡ್. ಹೊಸದಾಗಿ ಸೇರಿರೋ ಪಿಎಚ್‌ಡಿಯವ್ರು, ಬೇಸಿಗೇಲಿ ಪ್ರಾಜೆಕ್ಟ್‌ಗೆ ಅಂತ ಬರೋ ಎಂಎಸ್ಸಿ ಮಕ್ಕಳು ಕೇಳಿ ಕೇಳಿ ತಲೆ ತಿಂದಿರೋ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಹಾಕಿದೀನಿ. ಯಾವ ಕಂಪನೀದು ತಗೋಬೇಕು ಅಂತ ಕೇಳ್ಬೇಡಿ, ಅದು ನಿಮ್ ಗೈಡ್ ಗ್ರಾಂಟಲ್ಲಿ ಎಷ್ಟು ದುಡ್ಡು ಉಳಿದಿದೆ ಅನ್ನೋದರ ಮೇಲೆ.

ಪ್ರ: ಕ್ಯಾಸ್ಪೇಸ್-3 ಅಂದ್ರೇನು, ಈ ಆಂಟಿಬಾಡಿ ಅದರಲ್ಲಿ ಏನನ್ನ ಹಿಡಿಯುತ್ತೆ?

ಸೆಲ್ ತನ್ನನ್ನ ತಾನೇ ಗಲಾಟೆ ಇಲ್ದೆ ಮುಗಿಸ್ಕೊಳ್ಳೋದಕ್ಕೆ ಅಪೊಪ್ಟೋಸಿಸ್ ಅಂತಾರೆ, 1972ರಲ್ಲಿ ಕೆರ್, ವೈಲಿ, ಕರಿ ಅನ್ನೋ ಮೂವರು ಇಟ್ಟ ಹೆಸರು ಅದು. ಒಳಗಿನ ಪ್ರೋಟೀನ್‌ಗಳನ್ನ ಕತ್ತರಿಸಿ ಹಾಕೋ ಕೆಲಸ ಹೆಚ್ಚಾಗಿ ಕ್ಯಾಸ್ಪೇಸ್-3ದು. ಸಿ. ಎಲಿಗನ್ಸ್ ಅನ್ನೋ ಹುಳದಲ್ಲಿ ಬೆಳೆಯೋ ಹೊತ್ತಿಗೆ ಹುಟ್ಟೋ 1090 ಸೊಮ್ಯಾಟಿಕ್ ಸೆಲ್‌ಗಳಲ್ಲಿ 131 ಸಾಯ್ತವೆ, ಯಾವುದು ಯಾವಾಗ ಅನ್ನೋದೂ ಮೊದಲೇ ಫಿಕ್ಸು. ಅಲ್ಲಿ ಸೆಡ್-3 ಅನ್ನೋ ಜೀನ್ ಕೆಟ್ರೆ ಸಾಯ್ಬೇಕಾದವು ಸಾಯಲ್ಲ, ನಮ್ಮ ಕ್ಯಾಸ್ಪೇಸ್-3 ಆ ಸೆಡ್-3 ವಂಶದ್ದೇ. 2002ರ ನೊಬೆಲ್ ಬ್ರೆನರ್, ಹಾರ್ವಿಟ್ಜ್, ಸಲ್ಸ್ಟನ್ ಅವರಿಗೆ ಸಿಕ್ಕಿದ್ದು ಈ ಹುಳದ ಕೆಲಸಕ್ಕೇ.

ಈಗ ಆಂಟಿಬಾಡಿ ವಿಷ್ಯ. ಆರೋಗ್ಯವಾಗಿರೋ ಸೆಲ್ಲಲ್ಲೂ ಕ್ಯಾಸ್ಪೇಸ್-3 ಇರುತ್ತೆ, ಆದ್ರೆ ಸುಮ್ನೆ ಕೂತಿರುತ್ತೆ. 277 ಅಮೈನೋ ಆಸಿಡ್ ಉದ್ದದ, ಸುಮಾರು 32 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ತೂಕದ ಪ್ರೋಟೀನು, ಜೆಲ್ಲಲ್ಲಿ 35ರ ಹತ್ರ ಕಾಣುತ್ತೆ. ಸಾಯೋ ಸಿಗ್ನಲ್ ಬಂದಾಗ ಕ್ಯಾಸ್ಪೇಸ್-9 ಅಥವಾ ಕ್ಯಾಸ್ಪೇಸ್-8 ಬಂದು ಇದನ್ನ 175ನೇ ಜಾಗದ ಆಸ್ಪಾರ್ಟೇಟ್ ಅನ್ನೋ ಅಮೈನೋ ಆಸಿಡ್ ಆದ್ಮೇಲೆ ಕಟ್ ಮಾಡುತ್ತೆ, ಆಗ ಒಂದು ದೊಡ್ಡ ತುಂಡು, ಇನ್ನೊಂದು 12 ಕಿಲೋಡಾಲ್ಟನ್ ಸುಮಾರಿನ ಚಿಕ್ಕ ತುಂಡು ಆಗುತ್ತೆ. ಕ್ಲೀವ್ಡ್ (ಅಂದ್ರೆ ಕಟ್ ಆದ) ಕ್ಯಾಸ್ಪೇಸ್-3ರ ಆಂಟಿಬಾಡಿ ಹಿಡಿಯೋದು ಆ ದೊಡ್ಡ ತುಂಡಿನ ಹೊಸ ತುದೀನ. ಪೂರ್ತಿ ಪ್ರೋಟೀನಲ್ಲಿ ಆ ತುದಿನೇ ಇಲ್ವಲ್ಲ, ಹಂಗಾಗಿ 35ರ ಹತ್ರ ಬ್ಯಾಂಡ್ ಕಾಣಬಾರದು. ಈ ಒಂದು ಮಾತು ತಲೇಲಿ ಕೂತ್ರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನೀವೇ ಹೇಳ್ತೀರ.

ಪ್ರ: ಬರೀ "ಕ್ಯಾಸ್ಪೇಸ್-3" ಅಂತ ಇರೋದು, "ಕ್ಲೀವ್ಡ್" ಅಂತ ಇರೋದು, ಯಾವುದು ತರಿಸ್ಲಿ?

ದುಡ್ಡಿದ್ರೆ ಎರಡೂ. ಒಂದೇ ಅಂದ್ರೆ ಕ್ಲೀವ್ಡ್. ಬರೀ ಟೋಟಲ್ (ಕಟ್ ಆಗದ ಪೂರ್ತಿ ಪ್ರೋಟೀನನ್ನೂ ಹಿಡಿಯೋ) ಆಂಟಿಬಾಡಿ ಇಟ್ಕೊಂಡು "ಫುಲ್ ಲೆಂತ್ ಬ್ಯಾಂಡ್ ಕಮ್ಮಿ ಆಯ್ತು, ಅಂದ್ರೆ ಕಟ್ ಆಗಿದೆ" ಅಂತ ವಾದ ಮಾಡೋರಿದಾರೆ, ಅದು ನಿಲ್ಲಲ್ಲ. ನೂರರಲ್ಲಿ ಹತ್ತು ಪಾಲು ಕಟ್ ಆದ್ರೂ ಸೆಲ್ ಸಾಯೋಕೆ ಸಾಕಾಗಬಹುದು, ಹತ್ತು ಪಾಲು ಕಮ್ಮಿ ಆಗಿದ್ದನ್ನ ಬ್ಲಾಟಲ್ಲಿ ಕಣ್ಣಿಂದ ಹೇಳಕ್ಕಾಗುತ್ತಾ? ಆದ್ರೆ ಟೋಟಲ್ ಬೇಡ ಅಂತ ಅಲ್ಲ. ಕ್ಲೀವ್ಡ್ ಬ್ಯಾಂಡ್ ಬರದೆ ಇದ್ದಾಗ ಆ ಸೆಲ್ಲಲ್ಲಿ ಪ್ರೋಟೀನ್ ಇದೆಯಾ ಇಲ್ವಾ ಅಂತ ಹೇಳೋದು ಅದೇ.

ಪ್ರ: 17ರ ಹತ್ರ ಒಂದು, 19ರ ಹತ್ರ ಒಂದು, ಎರಡು ಬ್ಯಾಂಡ್ ಬಂತು. ಯಾವುದು ನಿಜ?

ಎರಡೂ ನಿಜ. ಮೊದಲ ಕಟ್ ಆದಾಗ ದೊಡ್ಡ ತುಂಡಿನ ಮುಂದೆ ಒಂದು ಬಾಲ ಅಂಟ್ಕೊಂಡೇ ಇರುತ್ತೆ, ಆಗ 19ರಲ್ಲಿ ಓಡುತ್ತೆ. ಆಮೇಲೆ 28ನೇ ಆಸ್ಪಾರ್ಟೇಟ್ ಹತ್ರ ಇನ್ನೊಂದು ಕಟ್ ಬಿದ್ದು ಬಾಲ ಹೋದ್ರೆ 17. ಬರೀ 19 ಬಂದು 17 ಬರ್ಲಿಲ್ಲ ಅಂದ್ರೆ ಕೆಲಸ ಅರ್ಧಕ್ಕೆ ನಿಂತಿರಬಹುದು, ಟೈಮ್ ಇನ್ನೂ ಸಾಲದೇ ಇರಬಹುದು, ಅಥವಾ ಎಕ್ಸ್‌ಐಎಪಿ ಥರದ ತಡೆಯೋ ಪ್ರೋಟೀನ್ ಆ ಸೆಲ್ಲಲ್ಲಿ ಜಾಸ್ತಿ ಇರಬಹುದು. ಇದು ತಪ್ಪಲ್ಲ, ಡೇಟಾನೇ. ಎರಡೂ ಸೇರಿ ಒಂದು ದಪ್ಪ ಬ್ಯಾಂಡ್ ಆಗಿ ಕಂಡ್ರೆ ಜೆಲ್ ಪರ್ಸೆಂಟೇಜ್ (ಜೆಲ್ ಎಷ್ಟು ಗಟ್ಟಿ ಅನ್ನೋದು) ಕಮ್ಮಿ ಆಗಿದೆ ಅಂತ ಅರ್ಥ, 15 ಪರ್ಸೆಂಟ್ ಹಾಕಿ.

ಪ್ರ: ಸೆಲ್ ಸತ್ತಿದ್ದು ಮೈಕ್ರೋಸ್ಕೋಪಲ್ಲಿ ಕಣ್ಣಾರೆ ನೋಡಿದೀನಿ, ಬ್ಲಾಟಲ್ಲಿ ಮಾತ್ರ ಏನೂ ಇಲ್ಲ. ಆಂಟಿಬಾಡಿ ಹಾಳಾಗಿದೆಯಾ?

ಎಲ್ರೂ ಮೊದಲು ಬೈಯೋದು ಆಂಟಿಬಾಡೀನ. ಬಹಳ ಸಲ ಅದರ ತಪ್ಪಿರಲ್ಲ.

ಮೊದಲು ಇದಕ್ಕೆ ಉತ್ತರ ಹೇಳಿ, ಲೈಸೇಟ್ ಮಾಡೋವಾಗ, ಅಂದ್ರೆ ಸೆಲ್ ಒಡೆದು ರಸ ತೆಗೆಯೋವಾಗ, ಮೀಡಿಯಾ (ಸೆಲ್ ಬೆಳೆಯೋ ದ್ರವ) ಏನು ಮಾಡಿದ್ರಿ? ಸಕ್ಷನ್ ಹಾಕಿ ಎಳೆದು ಬಿಸಾಕಿ, ಪಿಬಿಎಸ್ ಅನ್ನೋ ಉಪ್ಪುನೀರಲ್ಲಿ ತೊಳೆದು, ತಟ್ಟೆಗೆ ಅಂಟಿರೋ ಸೆಲ್ಲನ್ನ ಮಾತ್ರ ಕೆರೆದು ತಗೊಂಡಿದ್ರೆ ಸತ್ತಿದ್ದೆಲ್ಲ ವೇಸ್ಟ್ ಬಾಟಲಿಗೆ ಹೋಯ್ತು, ನಿಮ್ ಹತ್ರ ಉಳಿದಿದ್ದು ಬದುಕಿರೋವು. ಅಪೊಪ್ಟೋಸಿಸ್ ಆಗ್ತಿರೋ ಸೆಲ್ಲನ್ನ 20ಎಕ್ಸಲ್ಲಿ ನೋಡಿ, ಮೊದಲು ಕಾಲು ಬಿಡಿಸ್ಕೊಂಡು ದುಂಡಗಾಗುತ್ತೆ, ಆಮೇಲೆ ಮೈ ತುಂಬ ಗುಳ್ಳೆ ಗುಳ್ಳೆ ಏಳುತ್ತೆ, ತಟ್ಟೆ ಸ್ವಲ್ಪ ಅಲ್ಲಾಡಿಸಿದ್ರೆ ಅದು ಮೇಲೆ ತೇಲಾಡ್ಕೊಂಡು ಹೋಗುತ್ತೆ. ನಿಮಗೆ ಬೇಕಾಗಿರೋದು ಅದೇ ಸೆಲ್. ಮೀಡಿಯಾ, ತೊಳೆದ ಪಿಬಿಎಸ್, ಅಂಟಿರೋ ಸೆಲ್ ಮೂರನ್ನೂ ಒಂದೇ ಟ್ಯೂಬಿಗೆ ಹಾಕಿ ಸ್ಪಿನ್ ಮಾಡಿ, ತಳಕ್ಕೆ ಕೂತ ಪೆಲೆಟ್ ಮೇಲೆ ಸೆಲ್ ಒಡೆಯೋ ಲೈಸಿಸ್ ಬಫರ್ ಹಾಕಿ.

ಎರಡನೇದು ಟೈಮು. ಕ್ಲೀವ್ಡ್ ಕ್ಯಾಸ್ಪೇಸ್-3 ಬರುತ್ತೆ, ಇರುತ್ತೆ, ಹೋಗುತ್ತೆ. ಕಲ್ಚರ್ ತಟ್ಟೇಲಿ ಸತ್ತ ಸೆಲ್ಲನ್ನ ತಿನ್ನೋಕೆ ಮ್ಯಾಕ್ರೋಫೇಜ್ ಇರಲ್ವಲ್ಲ, ಹಂಗಾಗಿ ಕೊನೇಗೆ ಮೆಂಬ್ರೇನ್ ಒಡೆದು ಒಳಗಿರೋದೆಲ್ಲ ಮೀಡಿಯಾಗೆ ಸೋರಿ ಹೋಗುತ್ತೆ. 48 ಗಂಟೆ ಡ್ರಗ್ ಹಾಕಿ, ತಟ್ಟೆ ತುಂಬ ಕಸ ತೇಲೋವಾಗ ಲೈಸೇಟ್ ಮಾಡಿದ್ರೆ ಬ್ಯಾಂಡ್ ಎಲ್ಲಿಂದ ಬರ್ಬೇಕು? ಹೊಸ ಡ್ರಗ್ ಆದ್ರೆ ಒಂದೇ ಟೈಮ್ ಪಾಯಿಂಟ್ ನಂಬಬೇಡಿ, 4, 8, 16, 24 ಗಂಟೆ ಅಂತ ಇಟ್ಟು ನೋಡಿ. ಬೆಳಗ್ಗೆ ಹಾಕಿ ಸಂಜೆ ಹೆಬ್ಬಾಳ ಫ್ಲೈಓವರ್ ಜಾಮ್ ಆಗೋಕ್ ಮುಂಚೆ ಮನೆ ಸೇರ್ಬೇಕು ಅನ್ನೋ ಆಸೆ ನನಗೂ ಇದೆ, ಸೆಲ್ಲಿಗೆ ಇಲ್ಲ.

ಮೂರನೇದು ಟ್ರಾನ್ಸ್‌ಫರ್, ಜೆಲ್ಲಿಂದ ಮೆಂಬ್ರೇನಿಗೆ ಪ್ರೋಟೀನ್ ಇಳಿಸೋದು. 17 ಕಿಲೋಡಾಲ್ಟನ್ ಚಿಕ್ಕ ಪ್ರೋಟೀನು, 0.45 ಮೈಕ್ರಾನ್ ತೂತಿನ ಮೆಂಬ್ರೇನ್ ಹಾಕಿ ದೊಡ್ಡ ಪ್ರೋಟೀನಿಗೆ ಓಡಿಸೋಷ್ಟು ಹೊತ್ತು ಓಡಿಸಿದ್ರೆ ಮೆಂಬ್ರೇನ್ ತೂರ್ಕೊಂಡು ಆಚೆ ಹೋಗುತ್ತೆ. 0.2 ಮೈಕ್ರಾನ್ ತಗೊಳ್ಳಿ, ಬಫರಲ್ಲಿ 20 ಪರ್ಸೆಂಟ್ ಮೆಥನಾಲ್ ಇರಲಿ. ಅನುಮಾನ ಇದ್ರೆ ಹಿಂದೆ ಇನ್ನೊಂದು ಮೆಂಬ್ರೇನ್ ಇಟ್ಟು ಟ್ರಾನ್ಸ್‌ಫರ್ ಮಾಡಿ, ಆಮೇಲೆ ಎರಡಕ್ಕೂ ಪಾನ್ಸೋ (ಪ್ರೋಟೀನಿಗೆ ಅಂಟೋ ಕೆಂಪು ಬಣ್ಣ) ಹಾಕಿ, ಹಿಂದಿನದರ ಕೆಳಗಡೆ ಕೆಂಪು ಕಂಡ್ರೆ ಕಳ್ಳ ಸಿಕ್ಕ. ಇನ್ನೊಂದು, ಜೆಲ್ ಓಡಿಸೋವಾಗ ಬ್ಲೂ ಡೈ ಕೆಳಗೆ ಬಿದ್ದು ಹೋಗೋ ತನಕ ಕಾಯೋ ಅಭ್ಯಾಸ ಇರುತ್ತಲ್ಲ, ಈ ಬ್ಲಾಟಿಗೆ ಅದು ಬೇಡ, 10 ಕಿಲೋಡಾಲ್ಟನ್ ಮಾರ್ಕರ್ (ಅಳತೆಗೆ ಓಡಿಸೋ, ತೂಕ ಗೊತ್ತಿರೋ ಪ್ರೋಟೀನು) ಜೆಲ್ಲಲ್ಲೇ ಇರ್ಬೇಕು.

ನಾಲ್ಕನೇದು, ಎಷ್ಟು ಪ್ರೋಟೀನ್ ಲೋಡ್ ಮಾಡಿದ್ರಿ. ಸಾಯ್ತಿರೋದು ಸ್ವಲ್ಪ ಸೆಲ್ ಮಾತ್ರ ಆಗಿದ್ರೆ 10 ಮೈಕ್ರೋಗ್ರಾಮಲ್ಲಿ ಏನೂ ಕಾಣಲ್ಲ, 30-40 ಹಾಕಿ.

ಇಷ್ಟೆಲ್ಲ ಆದ್ಮೇಲೂ, ಪಾಸಿಟಿವ್ ಕಂಟ್ರೋಲ್ (ಬ್ಯಾಂಡ್ ಬಂದೇ ಬರ್ಬೇಕಾದ ಸ್ಯಾಂಪಲ್) ಲೇನಲ್ಲೂ ಬ್ಯಾಂಡ್ ಇಲ್ಲ ಅಂದ್ರೆ, ಆವಾಗ ಆಂಟಿಬಾಡೀನ ಬೈಯಿರಿ.

ಪ್ರ: ಪಾಸಿಟಿವ್ ಕಂಟ್ರೋಲ್ ಏನಿಡೋದು?

ಜುರ್ಕಾಟ್ ಅನ್ನೋ ರಕ್ತಕ್ಯಾನ್ಸರ್ ಸೆಲ್ ಲೈನಿಗೆ 1 ಮೈಕ್ರೋಮೋಲಾರ್ ಸ್ಟಾರೋಸ್ಪೊರಿನ್ ಹಾಕಿ 3-4 ಗಂಟೆ ಬಿಡಿ. ತೇಲೋ ಸೆಲ್ಲೇ ಆಗಿರೋದ್ರಿಂದ ಮೇಲೆ ಹೇಳಿದ ಮೀಡಿಯಾ ಬಿಸಾಕೋ ತಾಪತ್ರಯಾನೂ ಇಲ್ಲ. ಸ್ಟಾರೋಸ್ಪೊರಿನ್ ಇಲ್ಲ ಅಂದ್ರೆ ಎಟೊಪೊಸೈಡ್ 25 ಮೈಕ್ರೋಮೋಲಾರ್, ಅದು ನಿಧಾನ, ರಾತ್ರಿಯಿಡೀ ಬಿಡೋದು ವಾಸಿ. ಎರಡೂ ಸೆಲ್ ಕೊಲ್ಲೋ ಕೆಮಿಕಲ್ಲುಗಳು, ಡಿಎಂಎಸ್ಒ ಅನ್ನೋ ದ್ರಾವಕದಲ್ಲಿ ಕರಗಿರುತ್ತೆ, ಡಿಎಂಎಸ್ಒ ಚರ್ಮದೊಳಕ್ಕೆ ಎಳ್ಕೊಂಡು ಹೋಗುತ್ತೆ, ಗ್ಲೌಸ್ ಇಲ್ದೆ ಮುಟ್ಬೇಡಿ ಅಂತ ಪ್ರತಿ ಬ್ಯಾಚಿಗೂ ಹೇಳ್ಬೇಕಾಗುತ್ತೆ. ಸೆಲ್ ಲೈನ್ ಇಲ್ಲದವರು ಪುಣೆಯ ಎನ್‌ಸಿಸಿಎಸ್ (ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್) ರೆಪಾಸಿಟರಿಯಿಂದ ತರಿಸ್ಕೋಬಹುದು, ಪಕ್ಕದ ಲ್ಯಾಬ್ ಹತ್ರ ಬೇಡಿ ತಂದಿರೋ ಪ್ಯಾಸೇಜ್ ನಂಬರ್ (ಎಷ್ಟು ಸಲ ಹಂಚಿ ಬೆಳೆಸಿದ್ದು ಅನ್ನೋದು) ಗೊತ್ತಿಲ್ಲದ ಸೆಲ್ಲಿಗಿಂತ ಅದೇ ಮೇಲು.

ಒಂದು ಸಲ ದೊಡ್ಡದಾಗಿ ಲೈಸೇಟ್ ಮಾಡಿ, ಸ್ಯಾಂಪಲ್ ಬಫರ್ ಹಾಕಿ ಕುದಿಸಿ, ಚಿಕ್ಕ ಚಿಕ್ಕ ಪಾಲು (ಅಲಿಕ್ವಾಟ್) ಮಾಡಿ ಮೈನಸ್ 80ರಲ್ಲಿ ಇಟ್ಬಿಡಿ, ಪ್ರತಿ ಬ್ಲಾಟಿಗೂ ಒಂದೊಂದು ತೆಗೀರಿ. ಬ್ಲಾಟಿಂದ ಬ್ಲಾಟಿಗೆ ಹೋಲಿಸೋಕೂ ಅದು ಆಗುತ್ತೆ.

ಪ್ರ: ನೆಗೆಟಿವ್ ಕಂಟ್ರೋಲ್ ಅಂದ್ರೆ ಡ್ರಗ್ ಹಾಕದ ಸೆಲ್ ಸಾಕಲ್ವಾ?

ಅದು ಇರ್ಲೇಬೇಕು, ಆದ್ರೆ ಅಷ್ಟೇ ಸಾಕಾಗಲ್ಲ. ಡ್ರಗ್ ಹಾಕಿದಾಗ ಸೆಲ್ಲಲ್ಲಿ ನೂರೆಂಟು ಪ್ರೋಟೀನ್ ಬದಲಾಗುತ್ತೆ, ಅದರಲ್ಲಿ ಯಾವುದೋ ಒಂದು 17ರ ಹತ್ರ ಓಡಿ ಆಂಟಿಬಾಡಿಗೆ ಅಂಟ್ಕೊಂಡ್ರೆ ಗೊತ್ತಾಗೋದು ಹೆಂಗೆ? ಇಲ್ಲೇ ಎಂಸಿಎಫ್-7 ಕೆಲಸಕ್ಕೆ ಬರೋದು. ಬ್ರೆಸ್ಟ್ ಕ್ಯಾನ್ಸರ್ ಸೆಲ್ ಲೈನ್, ಊರಲ್ಲೆಲ್ಲ ಇದೆ, ಇದರ ಕ್ಯಾಸ್ಪೇಸ್-3 ಜೀನಿನ 3ನೇ ಎಕ್ಸಾನಲ್ಲಿ 47 ಬೇಸ್ ಪೇರ್ ಹಾರಿಹೋಗಿದೆ, ಹಂಗಾಗಿ ಪ್ರೋಟೀನೇ ತಯಾರಾಗಲ್ಲ. ಆದ್ರೂ ಸ್ಟಾರೋಸ್ಪೊರಿನ್ ಹಾಕಿದ್ರೆ ಸಾಯುತ್ತೆ, ಕ್ಯಾಸ್ಪೇಸ್-7 ಬಂದು ಪಾರ್ಪ್ ಅನ್ನೋ ಪ್ರೋಟೀನನ್ನ 116ರಿಂದ 89ಕ್ಕೆ ಕಟ್ ಮಾಡುತ್ತೆ. ಅಂದ್ರೆ ಒಂದೇ ಲೇನಲ್ಲಿ ಪಾರ್ಪ್ ಕಟ್ ಆಗಿದೆ, ಕ್ಲೀವ್ಡ್ ಕ್ಯಾಸ್ಪೇಸ್-3 ಜಾಗ ಖಾಲಿ, ಪಕ್ಕದ ಜುರ್ಕಾಟ್ ಲೇನಲ್ಲಿ ಎರಡೂ ಇದೆ, ಹಿಂಗೆ ಬಂದ ಬ್ಲಾಟ್ ತೋರಿಸಿದ್ರೆ ಯಾವ ರಿವ್ಯೂವರೂ ಆಂಟಿಬಾಡಿ ಬಗ್ಗೆ ಸುಲಭಕ್ಕೆ ತಕರಾರು ತೆಗೆಯಲ್ಲ.

ಇದೇ ಕಾರಣಕ್ಕೆ ಎಂಸಿಎಫ್-7 ಮೇಲೆ ಯಾವುದೋ ಗಿಡದ ಎಕ್ಸ್‌ಟ್ರಾಕ್ಟ್ ಹಾಕಿ ಕ್ಲೀವ್ಡ್ ಕ್ಯಾಸ್ಪೇಸ್-3 ಬಂತು ಅಂತ ದಪ್ಪ ಬ್ಯಾಂಡ್ ತೋರಿಸಿದ್ರೆ ನಾನು ಮುಂದೆ ಓದಲ್ಲ. ಆ ಸೆಲ್ಲಿಗೆ ಕ್ಯಾಸ್ಪೇಸ್-3ನ ಹೊರಗಿಂದ ಹಾಕಿದೀವಿ ಅಂತ ಬರೆದಿದ್ರೆ ಮಾತು ಬೇರೆ.

ಇನ್ನೊಂದು ಒಳ್ಳೇ ಕಂಟ್ರೋಲ್ ಝೆಡ್-ವ್ಯಾಡ್, ಎಲ್ಲ ಕ್ಯಾಸ್ಪೇಸ್‌ಗಳನ್ನೂ ತಡೆಯೋ ಇನ್ಹಿಬಿಟರ್. ಡ್ರಗ್‌ಗೆ ಮುಂಚೆ 20 ಮೈಕ್ರೋಮೋಲಾರ್ ಹಾಕಿ ಒಂದು ಗಂಟೆ ಬಿಟ್ಟು ಆಮೇಲೆ ಡ್ರಗ್ ಹಾಕಿ, ಬ್ಯಾಂಡ್ ಹೋಗ್ಬೇಕು ಇಲ್ಲ ಚೆನ್ನಾಗಿ ಇಳೀಬೇಕು. ಝೆಡ್-ವ್ಯಾಡ್ ಹಾಕಿದ್ಮೇಲೂ ಸೆಲ್ ಸಾಯ್ತಾನೇ ಇದೆ ಅಂದ್ರೆ ನೆಕ್ರಾಪ್ಟೋಸಿಸ್ ಅನ್ನೋ ಕ್ಯಾಸ್ಪೇಸ್ ಬೇಡದ ಸಾವಿನ ಕಡೆ ತಿರುಗಿರಬಹುದು, ಆಗ ಎಂಎಲ್‌ಕೆಎಲ್ ಅನ್ನೋ ಪ್ರೋಟೀನಿನ ಫಾಸ್ಫೊರಿಲೇಷನ್ (ಅದಕ್ಕೆ ಫಾಸ್ಫೇಟ್ ಅಂಟಿದೆಯಾ ಅಂತ) ನೋಡ್ಬೇಕಾಗುತ್ತೆ.

ಪ್ರ: ಬ್ಯಾಂಡ್ ಬಂತು! ಅಪೊಪ್ಟೋಸಿಸ್ ಅಂತ ಪೇಪರಲ್ಲಿ ಬರೀಬಹುದಾ?

ನಿಧಾನ. ಬ್ಯಾಂಡ್ ಹೇಳೋದು ಇಷ್ಟೇ, ಆ ಟ್ಯೂಬಲ್ಲಿದ್ದ ಕೆಲವು ಸೆಲ್‌ಗಳಲ್ಲಿ 175ರ ಹತ್ರ ಕಟ್ ಬಿದ್ದಿದೆ. ಎಷ್ಟು ಸೆಲ್ಲು ಅಂತ ವೆಸ್ಟರ್ನ್ ಹೇಳಲ್ಲ, ಎಲ್ಲ ಸೆಲ್ಲಲ್ಲೂ ಸ್ವಲ್ಪ ಸ್ವಲ್ಪ ಆಗಿದ್ರೂ, ಹತ್ತರಲ್ಲಿ ಒಂದರಲ್ಲಿ ಜೋರಾಗಿ ಆಗಿದ್ರೂ ಬ್ಯಾಂಡ್ ಒಂದೇ ಥರ ಕಾಣುತ್ತೆ. ಸೆಲ್ ಲೆಕ್ಕ ಬೇಕಂದ್ರೆ ಫ್ಲೋ ಸೈಟೋಮೆಟ್ರಿ (ಸೆಲ್‌ಗಳನ್ನ ಒಂದೊಂದಾಗಿ ಅಳೆದು ಎಣಿಸೋದು) ಅಥವಾ ಇಮ್ಯುನೋಫ್ಲೋರೆಸೆನ್ಸ್ (ಹೊಳೆಯೋ ಆಂಟಿಬಾಡಿ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋದು) ಮಾಡ್ಬೇಕು. ಇನ್ನೊಂದು ವಿಷ್ಯ ಬಹಳ ಜನಕ್ಕೆ ಗೊತ್ತಿರಲ್ಲ, ಸಾಯದೇ ಇರೋ ಸೆಲ್ಲಲ್ಲೂ ಕ್ಯಾಸ್ಪೇಸ್-3 ಸ್ವಲ್ಪ ಆಕ್ಟಿವ್ ಆಗುತ್ತೆ, ಮಯೋಬ್ಲಾಸ್ಟ್ ಮಾಂಸಖಂಡ ಆಗೋವಾಗ, ಕೆಂಪು ರಕ್ತಕಣ ತಯಾರಾಗೋವಾಗ ಅದು ಬೇಕೇ ಬೇಕು. ಡಿಫರೆನ್ಸಿಯೇಷನ್ (ಸೆಲ್ ಹೀಗೆ ಹೊಸ ರೂಪ ತಾಳೋದು) ಮೇಲೆ ಕೆಲಸ ಮಾಡೋರು ಇದನ್ನ ಮರೆತ್ರೆ ಸೆಲ್ ಬೆಳೀತಿರೋದನ್ನ ಸಾಯ್ತಿದೆ ಅಂತ ಬರೀತಾರೆ.

ಇತ್ತ ಬ್ಯಾಂಡ್ ಇಲ್ಲ ಅಂದ ತಕ್ಷಣ ಸಾವಿಲ್ಲ ಅಂತಲೂ ಅಲ್ಲ. ಪೈರಾಪ್ಟೋಸಿಸ್ ಅನ್ನೋ ಇನ್ನೊಂದು ಥರದ ಸಾವಲ್ಲಿ ಸಾಮಾನ್ಯವಾಗಿ ಕ್ಯಾಸ್ಪೇಸ್-1 ಗ್ಯಾಸ್ಡರ್ಮಿನ್ ಡಿ ಅನ್ನೋದನ್ನ ಕಟ್ ಮಾಡಿ ಸೆಲ್ ಒಡೆಯುತ್ತೆ. ಆದ್ರೆ ಕೆಲವು ಸೆಲ್ಲಲ್ಲಿ ಕ್ಯಾಸ್ಪೇಸ್-3ನೇ ಗ್ಯಾಸ್ಡರ್ಮಿನ್ ಇ ಕಟ್ ಮಾಡಿ ಅಪೊಪ್ಟೋಸಿಸ್ ಥರ ಶುರುವಾಗಿದ್ದು ಒಡೆದುಹೋಗಿ ಮುಗಿಯುತ್ತೆ, ತಲೆ ಕೆಡೋ ಜಾಗ ಅದು. ಹಂಗಾಗಿ ನನ್ ಲೆಕ್ಕದಲ್ಲಿ ಕಮ್ಮಿ ಅಂದ್ರೆ ಮೂರು ಸಾಕ್ಷಿ ಬೇಕು: ಕ್ಲೀವ್ಡ್ ಕ್ಯಾಸ್ಪೇಸ್-3, ಪಾರ್ಪ್ ಕಟ್, ಜೊತೆಗೆ ಅನೆಕ್ಸಿನ್ ವಿ (ಸಾಯೋ ಸೆಲ್ಲಿನ ಹೊರಮೈ ಗುರುತಿಸೋದು) ಅಥವಾ ಟನೆಲ್ (ತುಂಡಾದ ಡಿಎನ್‌ಎ ಗುರುತಿಸೋದು). ಗೈಡ್ ಒಂದೇ ಸಾಕು ಅಂದ್ರೂ ರಿವ್ಯೂವರ್ ಕೇಳೇ ಕೇಳ್ತಾರೆ, ಆಮೇಲೆ ಸೆಲ್ ಎಬ್ಬಿಸಿ ಮತ್ತೆ ಮಾಡೋ ಬದಲು ಈಗಲೇ ಮಾಡಿ.

ಪ್ರ: ಲೋಡಿಂಗ್ ಕಂಟ್ರೋಲ್‌ಗೆ (ಎಲ್ಲ ಲೇನಲ್ಲೂ ಪ್ರೋಟೀನ್ ಸಮ ಇದೆಯಾ ಅಂತ ನೋಡೋಕೆ) ಜಿಎಪಿಡಿಎಚ್ ಅನ್ನೋ ಪ್ರೋಟೀನಿನ ಆಂಟಿಬಾಡಿ ಹಾಕ್ಲಾ?

ಟೋಟಲ್ ಕ್ಯಾಸ್ಪೇಸ್-3 ಅದೇ ಬ್ಲಾಟಲ್ಲಿ ನೋಡ್ತೀರ ಅಂದ್ರೆ ಬೇಡ, ಜಿಎಪಿಡಿಎಚ್ 37, ಇದು 35, ಮುಖಕ್ಕೆ ಮುಖ ಒತ್ಕೊಂಡು ಕೂರುತ್ತೆ. ಟ್ಯೂಬ್ಯುಲಿನ್ 50-55ರಲ್ಲಿ ಓಡುತ್ತೆ, ಆರಾಮು. ಬ್ಲಾಟನ್ನ 25 ಮಾರ್ಕರ್ ಹತ್ರ ಅಡ್ಡ ಕತ್ತರಿಸಿ ಕೆಳಗಿನ ಪಟ್ಟಿಗೆ ಕ್ಲೀವ್ಡ್, ಮೇಲಿನದಕ್ಕೆ ಟ್ಯೂಬ್ಯುಲಿನ್ ಹಾಕಿದ್ರೆ ಒಂದು ಆಂಟಿಬಾಡಿ ಕಿತ್ತು ಇನ್ನೊಂದು ಹಾಕೋ ಸ್ಟ್ರಿಪ್ಪಿಂಗ್ ಗೋಳೇ ಇಲ್ಲ. ಕತ್ತರಿಸೋಕೆ ಮುಂಚೆ ಪಾನ್ಸೋ ಹಾಕಿದ ಪೂರ್ತಿ ಮೆಂಬ್ರೇನ್ ಫೋಟೋ ತೆಗೆದಿಟ್ಕೊಳ್ಳಿ, ಈಗ ಜರ್ನಲ್‌ನೋರು ಕ್ರಾಪ್ ಮಾಡದ ಬ್ಲಾಟ್ ಕೇಳ್ತಾರೆ.

ಪ್ರ: ಬ್ಲಾಕಿಂಗ್‌ಗೆ (ಆಂಟಿಬಾಡಿ ಮೆಂಬ್ರೇನಿಗೆ ಎಲ್ಲೆಂದರಲ್ಲಿ ಅಂಟದ ಹಾಗೆ ಮಾಡೋಕೆ) ಹಾಲಿನ ಪುಡಿನಾ, ದನದ ರಕ್ತದ ಪ್ರೋಟೀನ್ ಬಿಎಸ್‌ಎನಾ?

ಡೇಟಾಶೀಟ್ ನೋಡಿ. ಬ್ಲಾಕಿಂಗ್‌ಗೆ 5 ಪರ್ಸೆಂಟ್ ಕೆನೆ ತೆಗೆದ ಹಾಲಿನ ಪುಡಿ ನಡೆಯುತ್ತೆ, ಪ್ರೈಮರಿ (ಮೊದಲು ಹಾಕೋ, ಕ್ಯಾಸ್ಪೇಸ್ ಹಿಡಿಯೋ ಆಂಟಿಬಾಡಿ) ಮಾತ್ರ ಬಿಎಸ್‌ಎದಲ್ಲಿ ಕಲಸಿ 1:1000 ಸುತ್ತಮುತ್ತ, 4 ಡಿಗ್ರೀಲಿ ರಾತ್ರಿಯಿಡೀ. ಅಂಗಡೀಲಿ ಸಿಗೋ ಟೀ ಕಾಫಿಗೆ ಹಾಕೋ ಡೈರಿ ವೈಟ್ನರ್ ತರಬೇಡಿ, ಅದರಲ್ಲಿ ಸಕ್ಕರೆ ಇರುತ್ತೆ.

ಪ್ರ: ರ‍್ಯಾಬಿಟ್ ಮೊನೊಕ್ಲೋನಲ್, ರ‍್ಯಾಬಿಟ್ ಪಾಲಿಕ್ಲೋನಲ್, ಮೌಸ್ ಮೊನೊಕ್ಲೋನಲ್... ಏನು ವ್ಯತ್ಯಾಸ?

ಪಾಲಿಕ್ಲೋನಲ್ ಅಂದ್ರೆ ಒಂದು ಪ್ರಾಣಿ ಸೀರಮಲ್ಲಿರೋ ಹಲವು ಆಂಟಿಬಾಡಿಗಳ ಮಿಶ್ರಣ, ಸಿಗ್ನಲ್ ಜೋರು, ಆದ್ರೆ ಲಾಟ್ ಬದಲಾದ್ರೆ ಗುಣಾನೂ ಬದಲಾಗಬಹುದು. ಮೊನೊಕ್ಲೋನಲ್ ಒಂದೇ ಥರದ್ದು, ಕೋಹ್ಲರ್ ಮತ್ತೆ ಮಿಲ್‌ಸ್ಟೈನ್ 1975ರಲ್ಲಿ ದಾರಿ ತೋರಿಸಿದ್ದು. ಪಿಎಚ್‌ಡಿ ಅಂದ್ರೆ ಐದಾರು ವರ್ಷದ ವಿಷ್ಯ, ಮೊದಲ ವರ್ಷದ ಬ್ಲಾಟು ಕೊನೇ ವರ್ಷದ ಬ್ಲಾಟು ಹೊಂದ್ಬೇಕು ಅಂದ್ರೆ ಮೊನೊಕ್ಲೋನಲ್ ತಗೊಳ್ಳಿ. ಇಲಿ ಟಿಶ್ಯೂ ಮೇಲೆ ಮೌಸ್ ಆಂಟಿಬಾಡಿ ಹಾಕಬೇಡಿ, ಸೆಕೆಂಡರಿ (ಪ್ರೈಮರೀನ ಹಿಡಿದು ಸಿಗ್ನಲ್ ಕೊಡೋ ಎರಡನೇ ಆಂಟಿಬಾಡಿ) ಹೋಗಿ ಟಿಶ್ಯೂಲಿರೋ ಇಲೀದೇ ಇಮ್ಯುನೋಗ್ಲಾಬ್ಯುಲಿನ್ ಮೇಲೆಲ್ಲ ಕೂತ್ಕೊಂಡು ಸ್ಲೈಡ್ ಪೂರ್ತಿ ಮಿಂಚುತ್ತೆ.

ಪ್ರ: ಟಿಶ್ಯೂ ಸೆಕ್ಷನಲ್ಲಿ ಕೆಲಸ ಮಾಡುತ್ತಾ?

ಐಎಚ್‌ಸಿಗೆ (ಟಿಶ್ಯೂ ಚೂರಲ್ಲಿ ಆಂಟಿಬಾಡಿ ಹಾಕಿ ಬಣ್ಣ ಬರಿಸೋದಕ್ಕೆ) ವ್ಯಾಲಿಡೇಟ್ ಮಾಡಿದ್ರೆ ಮಾಡುತ್ತೆ. ಪ್ಯಾರಫಿನ್ ಸೆಕ್ಷನ್ ಆದ್ರೆ ಸಿಟ್ರೇಟ್ ಪಿಎಚ್ 6 ಅಥವಾ ಇಡಿಟಿಎದಲ್ಲಿ ಕುದಿಸಿ ಆಂಟಿಜನ್ ರಿಟ್ರೀವಲ್ (ಮುಚ್ಚಿಹೋಗಿರೋ ಪ್ರೋಟೀನ್ ಆಂಟಿಬಾಡಿಗೆ ಮತ್ತೆ ಸಿಗೋ ಹಾಗೆ ಮಾಡೋದು) ಮಾಡ್ಲೇಬೇಕು. ಕಂಟ್ರೋಲ್‌ಗೆ ಟಾನ್ಸಿಲ್ ಒಳ್ಳೇದು, ಜರ್ಮಿನಲ್ ಸೆಂಟರಲ್ಲಿ ಬಿ ಸೆಲ್ಲುಗಳು ಸಾಯ್ತಾನೇ ಇರುತ್ತವೆ, ಅಲ್ಲೊಂದು ಇಲ್ಲೊಂದು ಕಂದು ಚುಕ್ಕಿ ಕಾಣ್ಬೇಕು. ಸ್ಲೈಡ್ ಪೂರ್ತಿ ಕಂದು ಆಗಿದ್ರೆ ಖುಷಿ ಪಡಬೇಡಿ, ದೇಹದೊಳಗೆ ಸತ್ತ ಸೆಲ್ಲನ್ನ ಅಕ್ಕಪಕ್ಕದವು ಬೇಗ ತಿಂದು ಮುಗಿಸ್ತವೆ, ಒಂದೇ ಹೊತ್ತಲ್ಲಿ ಅಷ್ಟೊಂದು ಸಿಗೋದು ಅಪರೂಪ.

ಪ್ರ: ಫ್ಲೋಗೆ?

ಕ್ಯಾಸ್ಪೇಸ್ ಸೆಲ್ ಒಳಗಿರೋದು, ಅನೆಕ್ಸಿನ್ ಥರ ಹೊರಗಿಂದ ಹಾಕಿ ಓಡಿಸಕ್ಕಾಗಲ್ಲ. ಫಾರ್ಮಾಲ್ಡಿಹೈಡಲ್ಲಿ ಫಿಕ್ಸ್ ಮಾಡಿ, ತಣ್ಣಗಿನ 90 ಪರ್ಸೆಂಟ್ ಮೆಥನಾಲಲ್ಲಿ ಮೆಂಬ್ರೇನ್ ತೂತು ಮಾಡಿ, ಆಮೇಲೆ ಆಂಟಿಬಾಡಿ.

ಪ್ರ: ಆರ್ಡರ್ ಮಾಡಿದ್ದು ಯಾವಾಗ ಬರುತ್ತೆ, ಬಂದ್ಮೇಲೆ ಎಲ್ಲಿಡೋದು?

ಡೀಲರ್ ಹತ್ರ ಸ್ಟಾಕ್ ಇದ್ರೆ ಬೇಗ, ಇಲ್ಲಾಂದ್ರೆ ಹೊರದೇಶದಿಂದ ದೇವನಹಳ್ಳಿಗೆ ಇಳಿದು ಕಸ್ಟಮ್ಸ್ ದಾಟಿ ಬರ್ಬೇಕು, ವಾರಗಟ್ಟಲೆ ಆಗುತ್ತೆ ಅಂತಲೇ ಇಟ್ಕೊಂಡು ಪ್ಲಾನ್ ಮಾಡಿ. ಸರ್ಕಾರಿ ಸಂಸ್ಥೆ ಆದ್ರೆ ಇಂಡೆಂಟು, ಕೊಟೇಶನ್ನು, ಪರ್ಚೇಸ್ ಸೆಕ್ಷನ್ನು ಅಂತ ಅದು ಬೇರೆ. ಮಾರ್ಚ್ ಕೊನೇಲಿ ಎಲ್ರೂ ಗ್ರಾಂಟ್ ಖಾಲಿ ಮಾಡೋಕೆ ಒಟ್ಟಿಗೆ ಬೀಳ್ತಾರೆ, ಆಗ ಸಿಕ್ಕಾಕೊಂಡ್ರೆ ಮುಗೀತು. ಶುಕ್ರವಾರ ಸಾಯಂಕಾಲ ತಲುಪೋ ಥರ ತರಿಸ್ಬೇಡಿ, ಕೊರಿಯರ್‌ನೋರು ಗೇಟಲ್ಲಿ ಸೆಕ್ಯೂರಿಟಿ ಹತ್ರ ಬಿಟ್ಟು ಹೋದ್ರೆ ಸೋಮವಾರದ ತನಕ ಆ ಥರ್ಮೊಕೋಲ್ ಡಬ್ಬ ಅಲ್ಲೇ ಬಿಸಿಲಿಗೆ ಕೂತಿರುತ್ತೆ. ಡಬ್ಬ ಬಿಚ್ಚಿದಾಗ ಜೆಲ್ ಪ್ಯಾಕ್ ಕರಗಿದ್ರೆ ಫೋಟೋ ತೆಗೆದು ಅವತ್ತೇ ಡೀಲರ್‌ಗೆ ಕಳಿಸಿ. ಹಂಗಂತ ವಯಲ್ ಬಿಸಾಕಬೇಡಿ, ಒಂದೆರಡು ದಿನದ ಬಿಸಿ ಬಹಳ ಆಂಟಿಬಾಡಿಗಳು ತಡ್ಕೋತವೆ, ಕಂಟ್ರೋಲ್ ಲೈಸೇಟ್ ಮೇಲೆ ಒಂದು ಬ್ಲಾಟ್ ಹಾಕಿ ನೋಡಿ.

ಬಂದ ತಕ್ಷಣ ಮುಚ್ಚಳ ತೆಗೀಬೇಡಿ. 100 ಮೈಕ್ರೋಲೀಟರಲ್ಲಿ ಅರ್ಧ ಮುಚ್ಚಳದ ಒಳಗೆ ಅಂಟಿರುತ್ತೆ, ಮೊದಲು ಒಂದು ಸ್ಪಿನ್ ಕೊಡಿ. ಲೇಬಲಲ್ಲಿ 50 ಪರ್ಸೆಂಟ್ ಗ್ಲಿಸರಾಲ್ ಅಂತ ಇದ್ರೆ ಮೈನಸ್ 20ರಲ್ಲಿ ಗಟ್ಟಿ ಆಗಲ್ಲ, ಅಲಿಕ್ವಾಟ್ ಮಾಡೋ ಅಗತ್ಯಾನೂ ಇಲ್ಲ. ಮೈನಸ್ 80ಕ್ಕೆ ಹಾಕಿದ್ರೆ ಗಟ್ಟಿ ಆಗುತ್ತೆ, ಬೇಡ. ಮನೇಲಿರೋ ಥರ ಫ್ರಾಸ್ಟ್-ಫ್ರೀ ಫ್ರಿಜ್ಜಲ್ಲೂ ಬೇಡ, ಐಸ್ ಕರಗಿಸೋಕೆ ಅದು ಆಗಾಗ ತಾನೇ ಬಿಸಿ ಮಾಡ್ಕೊಳ್ಳುತ್ತೆ. ಕರೆಂಟ್ ಹೋದಾಗ ಯಾವ ಫ್ರೀಜರ್ ಜನರೇಟರ್ ಲೈನಲ್ಲಿದೆ ಅಂತ ಎಲೆಕ್ಟ್ರಿಷಿಯನ್ ಅಣ್ಣನ್ನ ಕೇಳಿ ತಿಳ್ಕೊಳ್ಳಿ, ಏಪ್ರಿಲ್ ಮಳೆ ಗಾಳಿಗೆ ಮರ ಬಿದ್ದು ಲೈನ್ ಹೋದಾಗ ಕೇಳೋದಲ್ಲ.

ಪ್ರ: ಪೇಪರಲ್ಲಿ ಏನೇನು ಬರೀಬೇಕು?

ಕಂಪನಿ, ಕ್ಯಾಟಲಾಗ್ ನಂಬರ್, ಕ್ಲೋನ್, ಲಾಟ್ ನಂಬರ್, ಡೈಲ್ಯೂಷನ್, ಆರ್‌ಆರ್‌ಐಡಿ (ಆಂಟಿಬಾಡಿಯ ಗುರುತಿನ ನಂಬರ್). "ಆಂಟಿ ಕ್ಯಾಸ್ಪೇಸ್-3 ಹಾಕಿದೆವು" ಅಂತ ಒಂದೇ ಲೈನ್ ಬರೆದ್ರೆ ಟೋಟಲ್ಲಾ ಕ್ಲೀವ್ಡಾ ಅಂತಾನೇ ಗೊತ್ತಾಗಲ್ಲ. ವಯಲ್ ಖಾಲಿ ಆದ್ಮೇಲೆ ಲೇಬಲ್ ಕಿತ್ತು ನೋಟ್‌ಬುಕ್ಕಿಗೆ ಅಂಟಿಸಿ.

ಪ್ರ: ಒಂದ್ಸಲ ಡೈಲ್ಯೂಟ್ ಮಾಡಿದ ಪ್ರೈಮರೀನ ಮತ್ತೆ ಯೂಸ್ ಮಾಡಬಹುದಾ?

ಕಂಪನಿಯವ್ರು ಬೇಡ ಅಂತಾರೆ, ಎಲ್ರೂ ಮಾಡ್ತಾರೆ. ಬಿಎಸ್‌ಎದಲ್ಲಿ ಕಲಸಿದ್ದಕ್ಕೆ ಕೆಡದ ಹಾಗೆ 0.02 ಪರ್ಸೆಂಟ್ ಸೋಡಿಯಂ ಅಜೈಡ್ ಹಾಕಿ 4 ಡಿಗ್ರೀಲಿ ಇಟ್ಟು ಕೆಲವು ಸಲ ಬಳಸಬಹುದು, ಮೊದಲ ಸಲ ಕಂಡಷ್ಟು ಕಂಟ್ರೋಲ್ ಬ್ಯಾಂಡ್ ಕಾಣೋ ತನಕ. ಹಾಲಲ್ಲಿ ಕಲಸಿದ್ದು ಇಡಬೇಡಿ, ವಾಸನೆ ಬರುತ್ತೆ. ಅಜೈಡ್ ಸೆಕೆಂಡರಿಗೆ ಅಂಟಿಸಿರೋ ಎಚ್‌ಆರ್‌ಪಿ ಕಿಣ್ವಾನ ಕೆಲಸ ಮಾಡಕ್ಕೆ ಬಿಡಲ್ಲ, ಸೆಕೆಂಡರಿಗೆ ಅಪ್ಪಿತಪ್ಪಿಯೂ ಹಾಕಬೇಡಿ, ಮಧ್ಯೆ ಟಿಬಿಎಸ್‌ಟಿ ಅನ್ನೋ ಬಫರಲ್ಲಿ ಚೆನ್ನಾಗಿ ತೊಳೀರಿ. ಅಜೈಡ್ ವಿಷ, ಜೊತೆಗೆ ತಾಮ್ರ ಸೀಸದ ಪೈಪ್ ಜೊತೆ ಸೇರಿದ್ರೆ ಸಿಡಿಯೋ ಅಂಥ ಲವಣ ಆಗುತ್ತೆ, ಅದಕ್ಕೆ ಸಿಂಕಿಗೆ ಸುರೀದೇ ಅಜೈಡ್ ಅಂತ ಬರೆದಿರೋ ವೇಸ್ಟ್ ಕ್ಯಾನಿಗೆ ಹಾಕಿ.